ಯಲಬುರ್ಗಾ ಗಡಿಯ ಎರಡು ಕಡೆ: ಪರಸ್ಥಳದ ಕಂಪನಿಗಳ ನೋಂದಣಿ ಕೊನೆಗೊಂಡ ಬಗೆ

1

ಒಂದು ಪ್ರಾಂತದಲ್ಲಿ ಹುಟ್ಟಿದ ಕಂಪನಿಯು ಮತ್ತೊಂದು ಪ್ರಾಂತದಲ್ಲಿ ವ್ಯವಹಾರ ನಡೆಸುವುದು ವಾಣಿಜ್ಯದ ಚರಿತ್ರೆಯಲ್ಲಿ ತೀರ ಸಾಮಾನ್ಯವಾದ ಸಂಗತಿ. ಅಂಥ ಕಂಪನಿಗಳು ಹೇಗೆ ಬಂದವು, ಯಾವ ಹಕ್ಕುಗಳನ್ನು ಪಡೆದವು, ಎಷ್ಟು ಬಂಡವಾಳ ಹೂಡಿದವು ಎಂಬುದನ್ನು ಕುರಿತು ಚರಿತ್ರಕಾರರು ಸಾಕಷ್ಟು ಬರೆದಿದ್ದಾರೆ. ಅವು ಹೇಗೆ ಹೊರಟುಹೋದವು ಎಂಬುದನ್ನು ಕುರಿತ ವಿವೇಚನೆ ಅಷ್ಟಾಗಿ ನಡೆದಿಲ್ಲ. ಆದರೆ ಕಂಪನಿಯು ಬರುವಾಗ ಎಲ್ಲರ ಮುಖದಲ್ಲಿಯೂ ನಗೆಯಿರುತ್ತದೆ. ಅದು ಹೋಗುವಾಗಲೇ ಸ್ಥಳದ ಜನರಿಗೂ ಅದಕ್ಕೂ ಇದ್ದ ನಿಜವಾದ ಸಂಬಂಧ ತಿಳಿದುಬರುವುದು.

ಯಲಬುರ್ಗಾ ಮತ್ತು ಅದರ ನೆರೆಯ ಕೊಪ್ಪಳ, ಕುಷ್ಟಗಿ, ಗಂಗಾವತಿಗಳು ಈ ವಿಷಯದ ಅಭ್ಯಾಸಕ್ಕೆ ಒಳ್ಳೆಯ ಕ್ಷೇತ್ರಗಳಾಗಿವೆ. ಪರಸ್ಥಳದ ಕಂಪನಿಯ ನೋಂದಣಿ ಮೂರು ಬಗೆಯಲ್ಲಿ ಕೊನೆಗಾಣಬಹುದು. ಕಂಪನಿಯು ತಾನಾಗಿಯೇ ಬಾಗಿಲು ಮುಚ್ಚಿಕೊಂಡು ಹೋಗುವುದು ಮೊದಲನೆಯದು. ತಾನು ಹುಟ್ಟಿದ ನೆಲದಲ್ಲಿಯೇ ಅದು ವಿಸರ್ಜಿತವಾಗುವುದು ಎರಡನೆಯದು. ಅದನ್ನು ಪರಸ್ಥಳದ್ದೆಂದು ಕರೆಯಲು ಕಾರಣವಾಗಿದ್ದ ಗಡಿಯೇ ಅಳಿಸಿಹೋಗುವುದು ಮೂರನೆಯದು. ಈ ಮೂರಕ್ಕೂ ಹೈದರಾಬಾದು ಕರ್ನಾಟಕದ ಚರಿತ್ರೆಯೊಡನೆ ಸಂಬಂಧವುಂಟು. ಮೂರರಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ: ಕಂಪನಿಯಿಂದ ಹಣ ಬರಬೇಕಾಗಿದ್ದ ಸ್ಥಳದ ಮನುಷ್ಯನು ಆಮೇಲೆ ಯಾರ ಬಾಗಿಲಿಗೆ ಹೋಗಬೇಕು? ನೋಂದಣಿಯೆಂಬುದು ಸರಕಾರದ ದಫ್ತರದ ಒಂದು ವಿಧಿ ಮಾತ್ರವಲ್ಲ, ದೂರದ ಕಂಪನಿಯನ್ನು ಹತ್ತಿರದವನು ಹಿಡಿದು ನಿಲ್ಲಿಸಲು ಇರುವ ಹಿಡಿಕೆ ಎಂಬುದನ್ನೂ, ಅದನ್ನು ಕೊನೆಗೊಳಿಸುವ ನಿಯಮಗಳೆಲ್ಲ ಈ ಹಿಡಿಕೆ ಬೇಗನೆ ಕಳಚದಂತೆ ನೋಡಿಕೊಳ್ಳಲು ಬೆಳೆದುಬಂದವೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

2

ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಎರಂಬರಗೆಯೇ ಇಂದಿನ ಯಲಬುರ್ಗಾ. ನಿಜಾಮರ ಆಳಿಕೆಯಲ್ಲಿ ಕೊಪ್ಪಳ ಮತ್ತು ಯಲಬುರ್ಗಾ ತಾಲ್ಲೂಕುಗಳು ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಮೊದಲು ಲಿಂಗಸೂಗೂರು ಜಿಲ್ಲೆಯ ಎಲ್ಲೆಯೊಳಗಿದ್ದ ಈ ಭಾಗವು 1905ರಲ್ಲಿ ಆ ಜಿಲ್ಲೆ ರದ್ದಾದ ಮೇಲೆ ರಾಯಚೂರು ಜಿಲ್ಲೆಯೊಡನೆ ಕೂಡಿತು. 1949ರಲ್ಲಿ ಹೈದರಾಬಾದು ಸಂಸ್ಥಾನದ ಜಹಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಆ ರಾಜ್ಯ ಕರ್ನಾಟಕವೆನಿಸಿತು. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು.

ಯಲಬುರ್ಗಾದ ಪಶ್ಚಿಮಕ್ಕೆ ರೋಣ ಮತ್ತು ಗದಗು ಸೀಮೆಗಳು. ಅವು ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಎರೆಭೂಮಿ ಎರಡೂ ಕಡೆ ಒಂದೇ, ಬೆಳೆಯುವ ಹತ್ತಿ ಜೋಳಗಳು ಒಂದೇ, ಆಡುವ ಮಾತು ಒಂದೇ, ಬೀಗತನಗಳೂ ಅತ್ತಿಂದಿತ್ತ ನಡೆಯುತ್ತಿದ್ದವು. ಆದರೂ ನಡುವೆ ಹಾದುಹೋಗಿದ್ದ ಗೆರೆ ಹಗುರವಾದುದಾಗಿರಲಿಲ್ಲ. ಆ ಕಡೆ ಕಲದಾರ ರೂಪಾಯಿ, ಈ ಕಡೆ ಹಾಲಿ ಸಿಕ್ಕಾ; ಸ್ಥೂಲವಾಗಿ ಏಳು ಹಾಲಿ ರೂಪಾಯಿಗಳಿಗೆ ಆರು ಕಲದಾರ. ಈ ಕಡೆ ದಫ್ತರದ ಕಾಲಗಣನೆ ಫಸಲಿ ವರ್ಷದ್ದು. ಸರಕು ದಾಟುವಲ್ಲಿ ಕರೋಡಗಿರಿಯವರ ಸುಂಕ. 1802ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೂ ನಿಜಾಮರಿಗೂ ಆದ ವಾಣಿಜ್ಯ ಕರಾರಿನಲ್ಲಿ ಅದರ ಪ್ರಮಾಣ ನೂರಕ್ಕೆ ಐದೆಂದು ಗೊತ್ತಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ನ್ಯಾಯಾಲಯಗಳು ಬೇರೆ, ಕಾಯದೆಗಳು ಬೇರೆ.

ಕಂಪನಿಗಳ ವಿಷಯದಲ್ಲಿ ಈ ಭೇದವು ಇನ್ನಷ್ಟು ಸ್ಪಷ್ಟವಾಗುತ್ತದೆ. ಬ್ರಿಟಿಷ್ ಇಂಡಿಯದಲ್ಲಿ 1913ರ ಇಂಡಿಯನ್ ಕಂಪನಿ ಕಾಯದೆ ನಡೆಯುತ್ತಿತ್ತು. ಹೈದರಾಬಾದಿನಲ್ಲಿ 1320 ಫಸಲಿಯ, ಅಂದರೆ ಸುಮಾರು 1910-11ರ, ಬೇರೊಂದು ಕಾಯದೆಯಿತ್ತು. ಕಾನೂನಿನ ದೃಷ್ಟಿಯಲ್ಲಿ ಕಂಪನಿಯ ಊರು ಅದರ ಷೇರುದಾರರ ಊರಲ್ಲ, ಅದು ನೋಂದಣಿಯಾದ ಊರು. ಆದಕಾರಣ ಹೈದರಾಬಾದಿನಲ್ಲಿ ನೋಂದಣಿಯಾದ ಕಂಪನಿಯೊಂದು ಗದಗಿನಲ್ಲಿ ಅಂಗಡಿ ತೆರೆದರೆ, ಲಂಡನ್ನಿನ ಕಂಪನಿ ಹೇಗೋ ಹಾಗೆಯೇ ಅದೂ ಅಲ್ಲಿಯ ಕಾಯದೆಗೆ ಪರದೇಶದ ಕಂಪನಿಯೇ. ಮುಂಬಯಿಯಲ್ಲಿ ಹುಟ್ಟಿದ ಕಂಪನಿ ಯಲಬುರ್ಗಾಕ್ಕೆ ಬಂದರೆ ಅದೂ ಬೇರೆ ಆಳಿಕೆಯ ಕೂಸು. ಒಂದು ದಿನದ ಬಂಡಿಯ ಹಾದಿಯಲ್ಲಿ ಸ್ವದೇಶವು ಪರದೇಶವಾಗುತ್ತಿದ್ದ ಸನ್ನಿವೇಶವಿದು.

3

ನೋಂದಣಿಯ ಕಾಯದೆಗಳು ಬರುವುದಕ್ಕೆ ಮೊದಲು ಹೊರಗಿನ ವ್ಯಾಪಾರಿಗೆ ಆಧಾರವಾಗಿದ್ದುದು ಸನದು ಅಥವಾ ಪರವಾನಗಿ. ಕೊಟ್ಟವರು ಅದನ್ನು ಹಿಂದಕ್ಕೆ ತೆಗೆದುಕೊಂಡರೆ ವ್ಯವಹಾರ ಮುಗಿಯಿತು. ಇದಕ್ಕೆ ಹೈದರಾಬಾದಿನ ಚರಿತ್ರೆಯಲ್ಲಿ ಪ್ರಸಿದ್ಧವಾದ ಉದಾಹರಣೆ ವಿಲಿಯಂ ಪಾಮರ್ ಕಂಪನಿ. 1814ರಲ್ಲಿ ಪ್ರಾರಂಭವಾದ ಈ ಲೇವಾದೇವಿ ಸಂಸ್ಥೆಗೆ ನಿಜಾಮರೊಡನೆ ಹಣದ ವ್ಯವಹಾರ ನಡೆಸಲು 1816ರಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸನಿಂದ ಅನುಮತಿ ದೊರೆಯಿತು. ದೇಶೀಯ ಅರಸರಿಗೆ ಬ್ರಿಟಿಷ್ ಪ್ರಜೆಗಳು ಸಾಲ ಕೊಡಬೇಕಾದರೆ ಇಂಥ ಅನುಮತಿ ಆಗಿನ ಕಾನೂನಿಗೆ ಅಗತ್ಯವಾಗಿತ್ತು. 1820ರಲ್ಲಿ ಅರವತ್ತು ಲಕ್ಷ ರೂಪಾಯಿಗಳ ಸಾಲವೊಂದು ಏರ್ಪಟ್ಟಿತು. ಅದೇ ವರ್ಷ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್‌ಕಾಫ್ ಈ ವ್ಯವಹಾರವನ್ನು ಬಲವಾಗಿ ವಿರೋಧಿಸಿದನು. ಕೊನೆಗೆ ಅನುಮತಿ ರದ್ದಾಯಿತು. ನಿಜಾಮರಿಗೆ ಉತ್ತರ ಸರಕಾರುಗಳಿಂದ ವರ್ಷಕ್ಕೆ ಏಳು ಲಕ್ಷ ರೂಪಾಯಿಗಳ ಪೇಷ್ಕಷ್ ಬರುತ್ತಿತ್ತು. ಆ ಹಕ್ಕನ್ನು ಬಿಟ್ಟುಕೊಟ್ಟುದಕ್ಕೆ ಪ್ರತಿಯಾಗಿ ಈಸ್ಟ್ ಇಂಡಿಯಾ ಕಂಪನಿ ಕೊಟ್ಟ ಮೊತ್ತದಿಂದ 1823ರಲ್ಲಿ ಸಾಲ ತೀರಿತು. ಮರುವರ್ಷವೇ ಪಾಮರ್ ಕಂಪನಿ ದಿವಾಳಿಯಾಯಿತು. ಅನುಮತಿ ಕೊಟ್ಟಾಗಲೂ ಕಿತ್ತುಕೊಂಡಾಗಲೂ ನಿರ್ಣಯ ನಡೆದುದು ಕಲಕತ್ತೆ ಮತ್ತು ಲಂಡನ್ನುಗಳಲ್ಲಿ. ಸಾಲದ ಹೊರೆ ಹೊತ್ತ ನಾಡಿಗೆ ಮಾತ್ರ ಒಂದು ಶಾಶ್ವತವಾದ ಉತ್ಪನ್ನವೇ ಕೈಬಿಟ್ಟುಹೋಯಿತು.

ಈ ಕಾಲದ ಪರಸ್ಥಳದ ಕಂಪನಿಗಳಲ್ಲೆಲ್ಲ ಹಿರಿಯದಾದ ಈಸ್ಟ್ ಇಂಡಿಯಾ ಕಂಪನಿಯ ಅಂತ್ಯವೂ ಇಲ್ಲಿ ಸ್ಮರಣೀಯ. 1813ರಲ್ಲಿ ಭಾರತದ ವ್ಯಾಪಾರದ ಏಕಸ್ವಾಮ್ಯವೂ, 1833ರ ಕಾಯದೆಯಿಂದ ವ್ಯಾಪಾರವೇ ಅದರ ಕೈತಪ್ಪಿದವು. 1858ರಲ್ಲಿ ಆಡಳಿತ ಹೋಯಿತು. ಆದರೂ ಕಂಪನಿ ಸಾಯಲಿಲ್ಲ. ಅದು ವಿಧಿವತ್ತಾಗಿ ವಿಸರ್ಜಿತವಾದುದು 1874ರ ಜೂನ್ 1ರಂದು. ನಡುವಣ ಹದಿನಾರು ವರ್ಷಗಳಲ್ಲಿ ಅದು ಉಳಿದುಕೊಂಡುದು ಮುಖ್ಯವಾಗಿ ಷೇರುದಾರರಿಗೆ ನೂರಕ್ಕೆ ಹತ್ತೂವರೆಯಂತೆ ಲಾಭಾಂಶ ಸಲ್ಲುವುದಕ್ಕಾಗಿ. 1833ರ ಕಾಯದೆಯು ಆ ಹಣವನ್ನು ಭಾರತದ ಕಂದಾಯದ ಮೇಲೆಯೇ ಹೊರಿಸಿತ್ತು, ಮತ್ತು ನಲವತ್ತು ವರ್ಷಗಳ ತರುವಾಯ ನೂರು ಪೌಂಡಿನ ಬಂಡವಾಳಕ್ಕೆ ಇನ್ನೂರು ಪೌಂಡಿನಂತೆ ಕೊಟ್ಟು ತೀರಿಸಬಹುದೆಂದಿತ್ತು. ಒಂದು ಕಂಪನಿಯ ಕೆಲಸ ನಿಲ್ಲುವುದು, ಅಧಿಕಾರ ಹೋಗುವುದು, ಹೆಸರು ಅಳಿಯುವುದು ಇವು ಮೂರು ಬೇರೆ ಬೇರೆ ಘಟನೆಗಳೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕೊನೆಯ ಘಳಿಗೆಯಲ್ಲಿ ಯಾರ ಹಕ್ಕನ್ನು ಕಾಪಾಡಲಾಯಿತು ಎಂಬುದೂ ಅಷ್ಟೇ ಸ್ಪಷ್ಟ.

4

ಇನ್ನು ಯಲಬುರ್ಗಾಕ್ಕೆ ಹತ್ತಿರದ ನಿದರ್ಶನಗಳಿಗೆ ಬರೋಣ. ಹಳೆಯ ಲಿಂಗಸೂಗೂರು ಜಿಲ್ಲೆಯಲ್ಲಿಯೇ ಇದ್ದ ಹಟ್ಟಿಯ ಚಿನ್ನದ ಗಣಿಗಳ ಕಥೆ ಮೊದಲನೆಯದು. 1886ರಲ್ಲಿ ನಿಜಾಮ ಸರಕಾರ ಗಣಿಗಾರಿಕೆಯ ದೀರ್ಘಾವಧಿಯ ಹಕ್ಕನ್ನು ಇಬ್ಬರು ಆಂಗ್ಲರಿಗೆ ಕೊಟ್ಟಿತು. ಅದರ ಆಧಾರದ ಮೇಲೆ ಲಂಡನ್ನಿನಲ್ಲಿ ಹೈದರಾಬಾದು (ದಖನ್) ಕಂಪನಿ ಸ್ಥಾಪಿತವಾಯಿತು. ಹತ್ತು ಪೌಂಡಿನ ಒಂದು ಲಕ್ಷ ಷೇರುಗಳಲ್ಲಿ 85,000 ಷೇರುಗಳು ಹಕ್ಕು ಪಡೆದವರಿಗೇ ಪೂರ್ಣ ಹಣ ಸಂದಾಯವಾದ ಷೇರುಗಳೆಂದು ಹೋದವು. ಆ ಷೇರುಗಳ ಮಾರಾಟದಲ್ಲಿ ನಡೆದ ಅಕ್ರಮ ದೊಡ್ಡ ಗದ್ದಲವಾಗಿ, 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಕಾಮನ್ಸ್ ಸಭೆಯ ಸಮಿತಿಯೊಂದು ಅದರ ವಿಚಾರಣೆ ನಡೆಸಬೇಕಾಯಿತು. ಗಣಿಯಿದ್ದುದು ತುಂಗಭದ್ರಾ ಕೃಷ್ಣೆಗಳ ನಡುವಣ ನೆಲದಲ್ಲಿ, ಗಣಿಯ ಲೆಕ್ಕ ಕೇಳಿದ್ದು ಥೇಮ್ಸ್ ದಂಡೆಯಲ್ಲಿ.

ಈ ಕಂಪನಿಯ ಅಂತ್ಯ ಎರಡು ಬಗೆಯಾಯಿತು. ಹಟ್ಟಿಯ ಗಣಿಗಳ ಕೆಲಸ 1920ರ ಹೊತ್ತಿಗೆ ನಿಂತಿತು. ಬಾಗಿಲು ಮುಚ್ಚಿದ ಗಣಿಯ ಸುತ್ತಲಿನ ಕೂಲಿಕಾರರಿಗೆ ಅಲ್ಲಿ ದುಡಿಮೆ ಇಲ್ಲವಾಯಿತು. 1947ರಲ್ಲಿ ಹೈದರಾಬಾದಿನಲ್ಲಿಯೇ ಹೊಸದಾಗಿ ನೋಂದಣಿಯಾದ ಹೈದರಾಬಾದು ಗೋಲ್ಡ್ ಮೈನ್ಸ್ ಕಂಪನಿ ಆ ಗಣಿಗಳನ್ನು ಮತ್ತೆ ಎತ್ತಿಕೊಂಡಿತು. ಮುಂದೆ ಹಟ್ಟಿ ಚಿನ್ನದ ಗಣಿ ಕಂಪನಿ ಎಂಬ ಹೆಸರು ಪಡೆದುದು ಅದೇ. ತೆಲಂಗಾಣದ ಕಲ್ಲಿದ್ದಲಿನ ಭಾಗದಲ್ಲಿ ನಡೆದುದು ಬೇರೆ. 1920ರ ಡಿಸೆಂಬರ್ 23ರಂದು ಹೈದರಾಬಾದು ಕಾಯದೆಯ ಪ್ರಕಾರ ಸಿಂಗರೇಣಿ ಕಾಲರೀಸ್ ಕಂಪನಿ ನೋಂದಣಿಯಾಯಿತು. ಅದು ಲಂಡನ್ನಿನ ಕಂಪನಿಯ ಆಸ್ತಿಯನ್ನೂ ಋಣವನ್ನೂ ಒಟ್ಟಿಗೆ ವಹಿಸಿಕೊಂಡಿತು. 1945ರಲ್ಲಿ ಹೈದರಾಬಾದು ಸರಕಾರ ಅದರ ಬಹುಪಾಲು ಷೇರುಗಳನ್ನು ಕೊಂಡಿತು. ಆಸ್ತಿ ಮತ್ತು ಋಣ ಎರಡೂ ಒಬ್ಬನಿಗೇ ಹೋದಾಗ ಸಾಲ ಕೊಟ್ಟವನು ಬಾಗಿಲು ಬದಲಿಸಿದರೆ ಸಾಕು. ಆಸ್ತಿ ಮಾತ್ರ ಹೋಗಿ ಋಣ ಉಳಿದರೆ ಅವನು ಕಡಲು ದಾಟಬೇಕಾಗುತ್ತದೆ. ಪರಸ್ಥಳದ ಕಂಪನಿಯ ಮುಕ್ತಾಯವನ್ನು ಅಭ್ಯಸಿಸುವವರು ಮೊದಲು ನೋಡಬೇಕಾದುದು ಈ ಒಂದು ಮಾತನ್ನು.

ಕೊಪ್ಪಳದ ಮೂಲಕ ಗದಗನ್ನೂ ಹೊಸಪೇಟೆಯನ್ನೂ ಕೂಡಿಸಿದ ರೈಲುದಾರಿಯೂ ಪರಸ್ಥಳದ ಕಂಪನಿಯದೇ. 1882ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿ 1908ರಲ್ಲಿ ಮದರಾಸು ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಎನಿಸಿತು. 1944ರ ಏಪ್ರಿಲ್ 1ರಂದು ಅದರ ಆಡಳಿತ ಸರಕಾರಕ್ಕೆ ಬಂದಿತು. ಹೈದರಾಬಾದಿನ ಉಳಿದ ಭಾಗಗಳಲ್ಲಿ ಗಾಡಿ ಓಡಿಸುತ್ತಿದ್ದ ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆಯನ್ನು ನಿಜಾಮ ಸರಕಾರ 1930ರ ಏಪ್ರಿಲ್ 1ರಂದು ಕೊಂಡುಕೊಂಡಿತು. ಮುಂದೆ 1956ರಲ್ಲಿ ಮೈಸೂರು ಸರಕಾರ ಕೋಲಾರದ ಚಿನ್ನದ ಗಣಿಗಳನ್ನು ಸ್ವಾಧೀನಪಡಿಸಿಕೊಂಡುದೂ ಇದೇ ಮಾದರಿಯ ಕ್ರಮ. ಸ್ವಾಧೀನದಲ್ಲಿ ಸರಕಾರದ ವಶಕ್ಕೆ ಬರುವುದು ಕಂಪನಿಯ ಉದ್ಯಮ. ಕಂಪನಿಯೆಂಬ ಕಾನೂನಿನ ವ್ಯಕ್ತಿ ಅದರಿಂದಲೇ ಅಳಿಯುವುದಿಲ್ಲ, ಪರಿಹಾರದ ಹಣ ಎಣಿಸಿಕೊಳ್ಳಲಾದರೂ ಅದು ಬದುಕಿರುತ್ತದೆ.

5

ದೊಡ್ಡ ಕಂಪನಿಗಳ ಅಂತ್ಯಕ್ಕೆ ಸರಕಾರಗಳೇ ಎದುರು ನಿಂತು ಕರಾರು ಮಾಡಿಕೊಳ್ಳುತ್ತಿದ್ದವು. ಸಣ್ಣ ವ್ಯಾಪಾರಿ ಕಂಪನಿಗಳ ಪಾಡು ಹಾಗಲ್ಲ. ಅವುಗಳಿಗೆ ಸಂಬಂಧಿಸಿದ ವಿಧಿ 1913ರ ಕಾಯದೆಯ 277ನೆಯ ಕಲಮಿನಲ್ಲಿತ್ತು. ಬ್ರಿಟಿಷ್ ಇಂಡಿಯದ ಹೊರಗೆ ಹುಟ್ಟಿದ ಕಂಪನಿ ಒಳಗೆ ವ್ಯವಹಾರದ ಸ್ಥಳ ತೆರೆದರೆ ಒಂದು ತಿಂಗಳೊಳಗೆ ತನ್ನ ಸ್ಥಾಪನಾಪತ್ರದ ಪ್ರತಿಯನ್ನು, ನಿರ್ದೇಶಕರ ಪಟ್ಟಿಯನ್ನು, ಮತ್ತು ತನ್ನ ಪರವಾಗಿ ಸಮನ್ಸು ನೋಟೀಸುಗಳನ್ನು ತೆಗೆದುಕೊಳ್ಳಲು ಸ್ಥಳದಲ್ಲಿಯೇ ವಾಸವಾಗಿರುವ ಒಬ್ಬನ ಹೆಸರು ವಿಳಾಸಗಳನ್ನು ರಿಜಿಸ್ಟ್ರಾರನಿಗೆ ಒಪ್ಪಿಸಬೇಕು. ತಾನು ಯಾವ ದೇಶದಲ್ಲಿ ಹುಟ್ಟಿದವನೆಂಬುದನ್ನು ಅಂಗಡಿಯ ಹೊರಗೂ ಕಾಗದಪತ್ರಗಳ ಮೇಲೂ ಬರೆದು ತೋರಿಸಬೇಕು. ಹೀಗೆ ನೋಂದಣಿಯಾದುದರಿಂದ ಕಂಪನಿಯು ಇಲ್ಲಿ ಮತ್ತೆ ಹುಟ್ಟಿದಂತಾಗುವುದಿಲ್ಲ. ಅದರ ಜನ್ಮಸ್ಥಳ ಬದಲಾಗುವುದಿಲ್ಲ. ಸ್ಥಳದವನಿಗೆ ಸಿಗುವುದು ಒಂದು ವಿಳಾಸ ಮತ್ತು ಒಬ್ಬ ಮುಖತ್ಯಾರ ಮಾತ್ರ.

ಈ ಒಂದು ವಿಳಾಸದ ಬೆಲೆ ಎಷ್ಟೆಂಬುದು ನ್ಯಾಯಾಲಯಗಳ ಸ್ಥಿತಿಯನ್ನು ನೋಡಿದರೆ ತಿಳಿಯುತ್ತದೆ. ಒಂದು ಸಂಸ್ಥಾನದ ನ್ಯಾಯಾಲಯ ಕೊಟ್ಟ ಡಿಕ್ರಿ ಬ್ರಿಟಿಷ್ ಇಂಡಿಯದಲ್ಲಿ ಪರದೇಶದ ಡಿಕ್ರಿಯೆನಿಸುತ್ತಿತ್ತು. ಪ್ರತಿವಾದಿಯು ಆ ನ್ಯಾಯಾಲಯದ ಎಲ್ಲೆಯಲ್ಲಿ ವಾಸವಾಗಿರದೆ, ಅದರ ಅಧಿಕಾರಕ್ಕೆ ತಲೆಬಾಗದೆ ಇದ್ದಾಗ, ಬರಿಯ ಹಣದ ದಾವೆಯಲ್ಲಿ ಅವನ ಗೈರುಹಾಜರಿಯಲ್ಲಿ ಕೊಟ್ಟ ಡಿಕ್ರಿ ಹೊರಗೆ ಶೂನ್ಯವೆಂದು ಪ್ರಿವಿ ಕೌನ್ಸಿಲು 1894ರಲ್ಲಿ ಫರೀದಕೋಟೆಯ ರಾಜನ ಮೊಕದ್ದಮೆಯಲ್ಲಿ ನಿರ್ಣಯಿಸಿತ್ತು. ಇದನ್ನು ಯಲಬುರ್ಗಾಕ್ಕೆ ಅನ್ವಯಿಸಿ ನೋಡೋಣ. ಈ ಕಡೆಯ ರೈತನೊಬ್ಬನು ತನ್ನ ಹತ್ತಿಯನ್ನು ಆ ಕಡೆಯ ಕಂಪನಿಯ ದಲಾಲನಿಗೆ ಉದ್ರಿ ಕೊಟ್ಟನೆಂದು ಭಾವಿಸೋಣ. ಹಣ ಬರುವ ಮೊದಲೇ ಕಂಪನಿಯವರು ಇಲ್ಲಿಯ ಅಂಗಡಿ ಕಿತ್ತುಕೊಂಡು ಹೋದರೆ, ಅವನು ನಿಜಾಮರ ನ್ಯಾಯಾಲಯದಲ್ಲಿ ಡಿಕ್ರಿ ಪಡೆದರೂ ಜಪ್ತಿ ಮಾಡಲು ಇಲ್ಲಿ ವಸ್ತುವಿಲ್ಲ. ಡಿಕ್ರಿಯನ್ನು ಆಧಾರವಾಗಿಟ್ಟುಕೊಂಡು ಗಡಿಯಾಚೆ ಹೊಸ ದಾವೆ ಹೂಡಿದರೆ, ಆ ಡಿಕ್ರಿಯೇ ಅಲ್ಲಿ ಪ್ರಶ್ನೆಗೆ ಒಳಗಾಗುತ್ತದೆ. ಗದಗಿನ ರೈತನಿಗೆ ಹೈದರಾಬಾದಿನ ಕಂಪನಿಯಿಂದ ಬಾಕಿಯಿದ್ದಾಗ ಅವನಿಗೂ ಇದೇ ತೊಡಕು. ಬಂಡಿಗೆ ಒಂದು ದಿನದ ಹಾದಿ, ನ್ಯಾಯಕ್ಕೆ ಮಾತ್ರ ಹಲವು ವರ್ಷಗಳ ಹಾದಿ.

6

ಹೊರಗಿನ ಕಂಪನಿ ತನ್ನ ಹುಟ್ಟೂರಿನಲ್ಲಿಯೇ ಅಳಿದುಹೋದರೆ ಸಮಸ್ಯೆ ಇನ್ನೂ ಕಠಿನವಾಗುತ್ತದೆ. ಇದನ್ನು ಜಗತ್ತಿಗೆ ಮನಗಾಣಿಸಿದುದು ರಷ್ಯದ ಕ್ರಾಂತಿ. 1917ರ ತರುವಾಯ ಸೋವಿಯತ್ ಸರಕಾರ ಅಲ್ಲಿಯ ಖಾಸಗಿ ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ಆ ಬ್ಯಾಂಕುಗಳ ಶಾಖೆಗಳೂ ಹಣವೂ ಲಂಡನ್ನಿನಲ್ಲಿದ್ದವು, ಅಲ್ಲಿ ಅವುಗಳಿಂದ ಬಾಕಿ ಬರಬೇಕಾದವರೂ ಇದ್ದರು. ಮಾಸ್ಕೋದ ಇಂಥ ಒಂದು ಬ್ಯಾಂಕಿನ ಮೇಲೆ ಲಜಾರ್ಡ್ ಸಹೋದರರು ಲಂಡನ್ನಿನಲ್ಲಿ ಡಿಕ್ರಿ ಪಡೆದಿದ್ದರು. ಅಸ್ತಿತ್ವದಲ್ಲಿಯೇ ಇಲ್ಲದವನ ಮೇಲೆ ದಾವೆ ನಡೆಯದೆಂದು ಹೇಳಿ ಪ್ರಭುಗಳ ಸಭೆ 1933ರಲ್ಲಿ ಅದನ್ನು ಶೂನ್ಯವೆಂದಿತು. ಸತ್ತವನ ಮೇಲೆ ಹೂಡಿದ ದಾವೆಯಂತೆ ಅದರ ಗತಿಯಾಯಿತು.

ಈ ತೊಡಕಿಗೆ ಆಂಗ್ಲರು 1929ರ ತಮ್ಮ ಕಂಪನಿ ಕಾಯದೆಯಲ್ಲಿಯೇ ಒಂದು ದಾರಿ ಮಾಡಿಟ್ಟಿದ್ದರು. ಹೊರದೇಶದ ಕಂಪನಿ ಇಲ್ಲಿ ವ್ಯವಹಾರ ನಿಲ್ಲಿಸಿದ್ದರೆ, ಅದು ತನ್ನ ದೇಶದ ಕಾನೂನಿನಂತೆ ವಿಸರ್ಜಿತವಾಗಿದ್ದರೂ ಸರಿಯೆ, ಇಲ್ಲಿಯ ಮಟ್ಟಿಗೆ ಅದರ ಸಮಾಪನ ನಡೆಸಬಹುದು. ಅಂದರೆ ಇಲ್ಲಿಯ ಆಸ್ತಿಯನ್ನು ಮಾರಿ ಸಾಲಗಾರರಿಗೆ ಹಂಚಬಹುದು. ಅಂಥ ಆಜ್ಞೆಯಾದ ಮೇಲೆ ಆ ಕಂಪನಿಯ ಹೆಸರಿನಲ್ಲಿ ದಾವೆ ನಡೆಸಬಹುದೆಂದು 1936ರಲ್ಲಿ ರಷ್ಯನ್ ಅಂಡ್ ಇಂಗ್ಲಿಷ್ ಬ್ಯಾಂಕಿನ ಮೊಕದ್ದಮೆಯಲ್ಲಿ ಪ್ರಭುಗಳ ಸಭೆ ಒಪ್ಪಿತು. ನಮ್ಮ 1913ರ ಕಾಯದೆಯ 271ನೆಯ ಕಲಮಿನಲ್ಲಿಯೂ ಇದೇ ನಿಯಮ ಸೇರಿತು. 1956ರ ಕಾಯದೆಯಲ್ಲಿ 584ನೆಯ ಕಲಮಾಗಿ, 2013ರ ಕಾಯದೆಯಲ್ಲಿ 376ನೆಯ ಕಲಮಾಗಿ ಅದು ಮುಂದುವರಿದು ಬಂದಿದೆ. ಹುಟ್ಟಿದ ನೆಲ ಸತ್ತಿತೆಂದು ಸಾರಿದ ಕಂಪನಿಯನ್ನು, ದುಡಿದ ನೆಲವು ತನ್ನ ಲೆಕ್ಕ ತೀರುವವರೆಗೆ ಬದುಕಿಸಿಕೊಳ್ಳಬಹುದೆಂಬುದೇ ಈ ನಿಯಮದ ತಾತ್ಪರ್ಯ.

7

ಮೂರನೆಯ ಬಗೆಯ ಮುಕ್ತಾಯ, ಅಂದರೆ ಗಡಿಯೇ ಅಳಿಯುವುದು, ಯಲಬುರ್ಗಾದ ಚರಿತ್ರೆಗೆ ವಿಶಿಷ್ಟವಾದುದು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ಹೈದರಾಬಾದು ಭಾರತಕ್ಕೆ ಸೇರಿತು. ಆದರೆ ರಾಜಕೀಯವಾಗಿ ಗಡಿ ಹೋದ ದಿನವೇ ಕಾನೂನಿನ ಗಡಿ ಹೋಗಲಿಲ್ಲ. ಕಂಪನಿ ಕಾಯದೆಯ ಮಾತುಗಳನ್ನೇ ಅನುಸರಿಸಿ ನೋಡಿದರೆ ಆ ಗಡಿ ಹಿಂದೆ ಸರಿದ ಬಗೆ ಕಾಣುತ್ತದೆ. ಮೊದಲು ಕಾಯದೆಯಲ್ಲಿದ್ದುದು 'ಬ್ರಿಟಿಷ್ ಇಂಡಿಯ'. ಸ್ವಾತಂತ್ರ್ಯದ ತರುವಾಯ ಅದರ ಸ್ಥಾನದಲ್ಲಿ 'ಪ್ರಾಂತಗಳು' ಎಂಬ ಮಾತು ಬಂದಿತು. 1950ರಲ್ಲಿ ಸಂವಿಧಾನವು ಜಾರಿಗೆ ಬಂದಾಗ ಅದು 'ಎ ಭಾಗದ ಮತ್ತು ಸಿ ಭಾಗದ ರಾಜ್ಯಗಳು' ಎಂದಾಯಿತು. ಹೈದರಾಬಾದು ಬಿ ಭಾಗದ ರಾಜ್ಯವಾದುದರಿಂದ ಭಾರತ ಗಣರಾಜ್ಯದ ಒಳಗಿದ್ದೂ ಭಾರತದ ಕಂಪನಿ ಕಾಯದೆಯ ಹೊರಗೇ ಉಳಿಯಿತು. ಬಿ ಭಾಗದ ರಾಜ್ಯಗಳ ಕಾಯದೆಗಳನ್ನು ಕುರಿತ 1951ರ ಶಾಸನವು ಆ ವರ್ಷದ ಏಪ್ರಿಲ್ 1ರಿಂದ ಈ ವ್ಯತ್ಯಾಸವನ್ನು ತೆಗೆದುಹಾಕಿತು. ಸಿವಿಲ್ ವ್ಯವಹಾರ ಸಂಹಿತೆಯೂ ಅದೇ ದಿನದಿಂದ ಹೈದರಾಬಾದಿಗೆ ವಿಸ್ತರಿಸಿತು.

ಆ ದಿನ ಹೈದರಾಬಾದಿನಲ್ಲಿ ಹುಟ್ಟಿದ ಕಂಪನಿಗಳು ಗದಗಿನಲ್ಲಿ ಪರದೇಶದವಾಗಿರುವುದನ್ನು ನಿಲ್ಲಿಸಿದವು; ಮುಂಬಯಿಯಲ್ಲಿ ಹುಟ್ಟಿದವು ಯಲಬುರ್ಗಾದಲ್ಲಿ ಸ್ವದೇಶದವಾದವು. ಯಾವ ಕಂಪನಿಯೂ ಅರ್ಜಿ ಹಾಕಲಿಲ್ಲ, ಯಾವ ನಿರ್ದೇಶಕನೂ ಸಹಿ ಮಾಡಲಿಲ್ಲ, ಬಾಗಿಲು ಮುಚ್ಚಿ ಬೀಗದ ಕೈ ಒಪ್ಪಿಸಲಿಲ್ಲ. ಪರಸ್ಥಳದ ನೋಂದಣಿಯ ಅಗತ್ಯವೇ ಕಾಯದೆಯಲ್ಲಿಯ ಒಂದು ಮಾತಿನ ಬದಲಾವಣೆಯಿಂದ ಕೊನೆಗೊಂಡಿತು. 1956ರ ಕಂಪನಿ ಕಾಯದೆಯು ಬಿ ಭಾಗದ ರಾಜ್ಯಗಳ ಹಿಂದಿನ ಕಾಯದೆಗಳ ಪ್ರಕಾರ ನೋಂದಣಿಯಾದವುಗಳನ್ನೂ 'ಅಸ್ತಿತ್ವದಲ್ಲಿರುವ ಕಂಪನಿ' ಎಂದು ಒಪ್ಪಿಕೊಂಡುದರಿಂದ ಹಳೆಯ ಕಂಪನಿಗಳ ಬದುಕು ಎಲ್ಲಿಯೂ ಕಡಿಯಲಿಲ್ಲ. ಹೀಗೆ ನೋಂದಣಿಯ ಮುಕ್ತಾಯಗಳಲ್ಲೆಲ್ಲ ಸ್ಥಳದವನಿಗೆ ಲಾಭವೇ ಆದುದು ಇದೊಂದರಿಂದಲೇ ಎಂದು ತೋರುತ್ತದೆ: ಕಂಪನಿ ದೂರ ಹೋಗಲಿಲ್ಲ, ದೂರವೇ ಹೋಯಿತು.

ಆದರೆ ಈ ಲಾಭಕ್ಕೂ ಒಂದು ಎಲ್ಲೆಯಿತ್ತು. ಗಡಿ ಅಳಿದುದು ಮುಂದಿನ ವ್ಯವಹಾರಗಳಿಗೆ. ಹಿಂದಿನ ಡಿಕ್ರಿಗಳ ದೋಷ ಅದರಿಂದ ನೀಗಲಿಲ್ಲ. ಗ್ವಾಲಿಯರ್ ಸಂಸ್ಥಾನದ ನ್ಯಾಯಾಲಯ ಪ್ರತಿವಾದಿಗಳ ಗೈರುಹಾಜರಿಯಲ್ಲಿ 1948ರಲ್ಲಿ ಕೊಟ್ಟ ಡಿಕ್ರಿಯೊಂದನ್ನು, 1951ರ ಬದಲಾವಣೆಯ ಆಧಾರದ ಮೇಲೆ ಅಲಹಾಬಾದಿನಲ್ಲಿ ಅಮಲಿಗೆ ತರಲು ಪ್ರಯತ್ನ ನಡೆಯಿತು. ಸುಪ್ರೀಂ ಕೋರ್ಟು 1962ರಲ್ಲಿ, ಶಿತೋಳೆ ಮೊಕದ್ದಮೆಯಲ್ಲಿ, ಅದನ್ನು ಒಪ್ಪಲಿಲ್ಲ. ಕೊಟ್ಟ ದಿನ ಪರದೇಶದ್ದಾಗಿದ್ದ ಡಿಕ್ರಿ ನಾಡು ಒಂದಾದ ಮಾತ್ರಕ್ಕೆ ಸ್ವದೇಶದ್ದಾಗಲಾರದೆಂಬುದು ಬಹುಮತದ ನಿರ್ಣಯ. ಹೈದರಾಬಾದಿನ ನ್ಯಾಯಾಲಯಗಳಿಂದ ಅಂಥ ಡಿಕ್ರಿ ಹಿಡಿದಿದ್ದವರಿಗೂ ಈ ತರ್ಕ ಅನ್ವಯಿಸತಕ್ಕದ್ದೇ. ಏಕೀಕರಣದ ಸಂತೋಷದಲ್ಲಿ ಇಂಥ ಸಣ್ಣ ನಷ್ಟಗಳ ಲೆಕ್ಕವನ್ನು ಯಾರೂ ಬರೆದಿಡಲಿಲ್ಲವೆಂಬ ಕಾರಣಕ್ಕೆ ಅವು ನಷ್ಟಗಳಾಗದೆ ಹೋಗುವುದಿಲ್ಲ.

8

1956ರ ತರುವಾಯ 'ಹೊರಗಿನ ಕಂಪನಿ' ಎಂದರೆ ಭಾರತದ ಹೊರಗಿನದು ಎಂದಾಯಿತು. ಆ ಕಾಯದೆಯ 597ನೆಯ ಕಲಮಿನಂತೆ, ಭಾರತದಲ್ಲಿ ತನಗೆ ವ್ಯವಹಾರದ ಸ್ಥಳ ಉಳಿಯದಿದ್ದಾಗ ಕಂಪನಿಯು ಕೂಡಲೇ ರಿಜಿಸ್ಟ್ರಾರನಿಗೆ ತಿಳಿಸಬೇಕು. ತಿಳಿಸಿದ ದಿನದಿಂದ ಕಾಗದಪತ್ರಗಳನ್ನು ಒಪ್ಪಿಸುವ ಅದರ ಹೊಣೆ ನಿಲ್ಲುತ್ತದೆ. ಇಲ್ಲಿ ಮಾತುಗಳನ್ನು ಎಚ್ಚರದಿಂದ ಓದಬೇಕು. ನಿಲ್ಲುವುದು ಕಾಗದ ಒಪ್ಪಿಸುವ ಹೊಣೆ ಮಾತ್ರ. ಸಾಲ ತೀರಿಸುವ ಹೊಣೆ ನಿಲ್ಲುವುದೆಂದು ಅಲ್ಲಿ ಎಲ್ಲಿಯೂ ಹೇಳಿಲ್ಲ. ಅದೇ ಕಾಯದೆಯ 599ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನೋಂದಣಿಯ ವಿಧಿಗಳನ್ನು ಪಾಲಿಸದ ಹೊರಗಿನ ಕಂಪನಿ ಮಾಡಿದ ಕರಾರು ಅಸಿಂಧುವಾಗುವುದಿಲ್ಲ. ಅದರ ಮೇಲೆ ಇತರರು ದಾವೆ ಹೂಡಬಹುದು, ಆದರೆ ವಿಧಿಗಳನ್ನು ಪಾಲಿಸುವವರೆಗೆ ಅದು ಇತರರ ಮೇಲೆ ದಾವೆ ಹೂಡುವಂತಿಲ್ಲ. ನೋಂದಣಿಯಿಲ್ಲದುದರ ಕೇಡು ಕಂಪನಿಗೇ ತಟ್ಟಬೇಕು, ಅದನ್ನು ನಂಬಿ ವ್ಯವಹರಿಸಿದವನಿಗಲ್ಲ ಎಂಬ ನ್ಯಾಯ ಇದರಲ್ಲಿದೆ. 2013ರ ಕಾಯದೆಯ 393ನೆಯ ಕಲಮೂ ಇದನ್ನೇ ಉಳಿಸಿಕೊಂಡಿದೆ.

ಇಂದು ಹೊರದೇಶದ ಕಂಪನಿಗಳ ಕಾಗದಪತ್ರಗಳು ಹೊಸದಿಲ್ಲಿಯ ಅಧಿಕಾರವ್ಯಾಪ್ತಿಯ ರಿಜಿಸ್ಟ್ರಾರರಿಗೆ ಸಲ್ಲುತ್ತವೆ. ಅವು ಇಲ್ಲಿಯ ಶಾಖೆಯನ್ನು ಮುಚ್ಚುವಾಗ ರಿಸರ್ವ್ ಬ್ಯಾಂಕಿನ ನಿಯಮಗಳೂ ಅನ್ವಯಿಸುತ್ತವೆ. ಭಾರತದಲ್ಲಿಯ ಋಣಗಳೆಲ್ಲ, ನೌಕರರ ಗ್ರಾಚ್ಯುಯಿಟಿ ಮೊದಲಾದ ಬಾಕಿಗಳೂ ಸೇರಿ, ತೀರಿವೆಯೆಂದು ಅಥವಾ ಅವಕ್ಕೆ ತಕ್ಕ ಹಣ ತೆಗೆದಿರಿಸಿದೆಯೆಂದು ಲೆಕ್ಕಪರಿಶೋಧಕನು ಬರೆದುಕೊಡಬೇಕು. ಯಾವ ನ್ಯಾಯಾಲಯದಲ್ಲಿಯೂ ಮೊಕದ್ದಮೆ ಬಾಕಿಯಿಲ್ಲವೆಂದು ದೃಢಪಡಿಸಬೇಕು. ಆ ಮೇಲೆಯೇ ಉಳಿದ ಹಣ ಹೊರಗೆ ಹೋಗತಕ್ಕದ್ದು. 1874ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕ ಮುಗಿದಾಗ ಮುಂದೆ ನಿಂತವನು ಲಂಡನ್ನಿನ ಷೇರುದಾರ. ಈಗಿನ ನಿಯಮದಲ್ಲಿ, ಕಾಗದದ ಮೇಲಾದರೂ, ಮುಂದೆ ನಿಂತಿರುವವನು ಸ್ಥಳದ ನೌಕರ ಮತ್ತು ಸ್ಥಳದಲ್ಲಿ ಸಾಲ ಕೊಟ್ಟವನು. ನೂರೈವತ್ತು ವರ್ಷಗಳ ಅವಧಿಯಲ್ಲಿ ಸಾಲು ಹಿಂದುಮುಂದಾಗಿದೆ.

9

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯಗಳನ್ನು ಸಂಕ್ಷೇಪವಾಗಿ ಹೇಳಬಹುದು. ಮೊದಲನೆಯದು, ಪರಸ್ಥಳದ ಕಂಪನಿಯ ನೋಂದಣಿ ಮುಗಿಯುವುದು ಬೇರೆ, ಆ ಕಂಪನಿ ಮುಗಿಯುವುದು ಬೇರೆ. ಒಂದನ್ನು ನೋಡಿ ಮತ್ತೊಂದನ್ನು ಊಹಿಸಲಾಗದು. ಎರಡನೆಯದು, ಮುಕ್ತಾಯ ನ್ಯಾಯವಾದುದೋ ಅಲ್ಲವೋ ಎಂಬುದು ಆಸ್ತಿ ಹೋದ ಕಡೆಗೆ ಋಣವೂ ಹೋಯಿತೇ ಎಂಬುದರಿಂದ ತಿಳಿಯುತ್ತದೆ. ಸಿಂಗರೇಣಿಯ 1920ರ ಏರ್ಪಾಡು ಇದಕ್ಕೆ ಮಾದರಿ. ಮೂರನೆಯದು, 'ಹೊರಗಿನವನು' ಎಂಬುದು ಸ್ವಭಾವದ ಗುಣವಲ್ಲ, ಕಾಯದೆಯ ಒಂದು ಪದ. ಗದಗಿಗೂ ಯಲಬುರ್ಗಾಕ್ಕೂ ನಡುವೆ ಆ ಪದ ಇದ್ದಷ್ಟು ದಿನ ಇದ್ದು, 1951ರ ಏಪ್ರಿಲ್ 1ರಂದು ಇಲ್ಲವಾಯಿತು.

ಹೈದರಾಬಾದು ಕರ್ನಾಟಕದ ಏಕೀಕರಣವನ್ನು ಕುರಿತು ಓದುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಚಳವಳಿ, ಶಿಬಿರ, ಕಾರ್ಯಾಚರಣೆಗಳ ಕಡೆಗೆ ಗಮನ ಕೊಡುತ್ತಾರೆ, ಅದು ಯುಕ್ತವೇ. ಆದರೆ ನಾಡು ಒಂದಾದುದು ಹತ್ತಿ ಮಾರಿದ ಹಣ ವಸೂಲಾಗುವ ಬಗೆಯಲ್ಲಿಯೂ, ಸಮನ್ಸು ತೆಗೆದುಕೊಳ್ಳುವ ವಿಳಾಸದಲ್ಲಿಯೂ ಕಾಣುತ್ತದೆ. ಕಾಯದೆಯ ಕಲಮುಗಳು, ಗೆಜೆಟಿನ ಪ್ರಕಟಣೆಗಳು, ಹಳೆಯ ಮೊಕದ್ದಮೆಗಳ ವರದಿಗಳು ಈ ದೃಷ್ಟಿಯಿಂದ ಚರಿತ್ರೆಯ ಆಕರಗಳೇ ಆಗಿವೆ. ಅಡತಿ ಅಂಗಡಿಗಳ ಹಳೆಯ ಕೀರ್ದಿ ಖಾತೆಗಳು ಇನ್ನೂ ಮನೆಗಳಲ್ಲಿ ಉಳಿದಿದ್ದರೆ, ಅವು ಗೆದ್ದಲಿಗೆ ಆಹಾರವಾಗುವ ಮೊದಲು ಅವನ್ನು ಕೂಡಿಸಿ ಓದುವುದು ಈ ಪ್ರದೇಶದ ಕಾಲೇಜುಗಳು ಕೈಗೊಳ್ಳಬೇಕಾದ ಕೆಲಸ. ಹಾಲಿ ಸಿಕ್ಕಾದ ಕಲಮೂ ಕಲದಾರದ ಕಲಮೂ ಅಕ್ಕಪಕ್ಕದಲ್ಲಿರುವ ಒಂದು ಖಾತೆಯ ಪುಟವು, ತೀರದೆ ಉಳಿದ ಬಾಕಿಯೊಂದನ್ನು ತೋರಿಸಿದರೂ, ಗಡಿಯೆಂದರೆ ಏನಾಗಿತ್ತೆಂಬುದನ್ನು ನಮಗೆ ಸ್ಪಷ್ಟವಾಗಿ ತಿಳಿಸಬಲ್ಲದು.